ನಷ್ಟವಾದರೆ ಯಾರಿಗೆ?

“ನಮ್ಮ ಯಜಮಾನರಿಗೆ ನಿವೃತ್ತಿಯ ಹಣ ಬಂದಿದೆ. ಒಬ್ಬ ಆಲಿಮರು (ಧರ್ಮ ವಿದ್ವಾಂಸರು) ಷೇರು ಹಲಾಲ್ ಎನ್ನುತ್ತಾರೆ, ಇನ್ನೊಬ್ಬರು ಅದನ್ನೇ ಹರಾಮ್ ಎನ್ನುತ್ತಾರೆ. ನಾನು ಅರಬಿ ಓದಿದವಳಲ್ಲ. ‘ಹಲಾಲ್ ಹೂಡಿಕೆ’ ಎಂಬ ಈ ಕರಪತ್ರವನ್ನು ನಂಬಬಹುದೇ?” – ಓದುಗರೊಬ್ಬರು

ಅಸ್ಸಲಾಮು ಅಲೈಕುಮ್ ಸಹೋದರಿ,

ಮೊದಲು ಕರಪತ್ರದ ವಿಷಯವೇ ಆಗಿಬಿಡಲಿ. ಮೇಲೆ ಹಸಿರು ಅಕ್ಷರದಲ್ಲಿ ‘ಲಾಭ-ನಷ್ಟದ ಪಾಲುದಾರಿಕೆ’ ಎಂದಿದೆ. ಅದರ ಕೆಳಗೇ ‘ಅಸಲಿಗೆ ಪೂರ್ಣ ಖಾತರಿ, ತಿಂಗಳು ತಿಂಗಳು ನಿಗದಿತ ಲಾಭ’ ಎಂದೂ ಇದೆ. ಎರಡೂ ಒಟ್ಟಿಗೆ ನಿಜವಾಗಲಾರವು. ಇಸ್ಲಾಮಿನ ಇಂಥ ಪಾಲುದಾರಿಕೆಯಾದ ಮುದಾರಬಾದಲ್ಲಿ ಹಣ ಒಬ್ಬರದು, ದುಡಿಮೆ ಇನ್ನೊಬ್ಬರದು. ಬಂದ ಲಾಭವನ್ನು ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ. ದುಡಿಯುವವನ ತಪ್ಪಿಲ್ಲದೆ ನಷ್ಟವಾದರೆ ಹಣ ಹಾಕಿದವರ ಹಣ ಹೋಯಿತು, ಅವನ ಶ್ರಮ ಹೋಯಿತು. ವ್ಯಾಪಾರ ಮುಳುಗಿದರೂ ಅಸಲು, ಲಾಭ ಎರಡೂ ಬಂದೇ ಬರುತ್ತವೆ ಎಂದರೆ ಅದು ಸಾಲ. ಆ ‘ಲಾಭ’ ಬಡ್ಡಿ, ಅಂದರೆ ಹರಾಮ್. ಇದನ್ನು ಹಿಡಿಯಲು ಅರಬಿ ಬೇಕಿಲ್ಲ. (ಹಾಗೆ ಖಾತರಿ ಕೊಟ್ಟವರು ಕೊನೆಗೆ ಅಸಲನ್ನೂ ಕೊಡದೆ ಕಾಣೆಯಾಗುವುದು ಬೇರೆ ಕತೆ.)

ಹಾಗೆಂದು ನಿಗದಿತ ಮೊತ್ತ ಕಂಡಲ್ಲೆಲ್ಲ ಬೆಚ್ಚಬೇಡಿ. ಬಾಡಿಗೆಯೂ ನಿಗದಿತವೇ, ಅದು ಹಲಾಲ್.

ಷೇರಿನ ವಿಷಯದಲ್ಲಿ ಉಲಮಾಗಳ (ಆಲಿಮರ) ಭಿನ್ನಮತ ನಿಜವಾದದ್ದೇ. ಮದ್ಯ, ಜೂಜು, ಬಡ್ಡಿಯನ್ನೇ ಕಸುಬು ಮಾಡಿಕೊಂಡ ಕಂಪೆನಿ ಬೇಡ ಎಂಬಲ್ಲಿ ತಕರಾರಿಲ್ಲ. ಬಟ್ಟೆಯನ್ನೋ ಔಷಧವನ್ನೋ ತಯಾರಿಸುತ್ತಲೇ ಬಡ್ಡಿಗೆ ಸಾಲ ತಂದ, ಬ್ಯಾಂಕಿನಲ್ಲಿ ಠೇವಣಿ ಇಟ್ಟ ಕಂಪೆನಿ ಬಂದಾಗ ದಾರಿ ಕವಲಾಗುತ್ತದೆ. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿ ಫಿಕ್ಹ್ (ಧರ್ಮಶಾಸ್ತ್ರ) ಅಕಾಡೆಮಿ 1992ರಲ್ಲಿ ಅಂಥ ಷೇರು ಮೂಲತಃ ನಿಷಿದ್ಧ ಎಂದಿತು. ಇಸ್ಲಾಮಿ ಹಣಕಾಸಿಗೆ ನಿಯಮ ರೂಪಿಸುವ ಬಹರೈನಿನ ಆಯೋಫಿ ಸಂಸ್ಥೆಯ ಮಾನದಂಡ ಷರತ್ತು ಹಾಕಿ ಬಿಡುತ್ತದೆ: ಬಡ್ಡಿಯ ಸಾಲ ಕಂಪೆನಿಯ ಮಾರುಕಟ್ಟೆ ಮೌಲ್ಯದ ಶೇ. 30 ದಾಟಬಾರದು, ಬಡ್ಡಿಯ ಠೇವಣಿಗೂ ಅಷ್ಟೇ ಮಿತಿ, ನಿಷಿದ್ಧ ಆದಾಯ ಒಟ್ಟು ಆದಾಯದ ಶೇ. 5ರೊಳಗಿರಬೇಕು. ಈ ಅಂಕೆಗಳು ಕುರ್‌ಆನಿನಲ್ಲಿಲ್ಲ. ಬಡ್ಡಿ ಸೋಕದ ಕಂಪೆನಿ ಸಿಗುವುದೇ ಅಪರೂಪವೆಂದು ವಿದ್ವಾಂಸರು ಎಳೆದ ಗೆರೆಗಳು. ನನಗೆ ಈ ಎರಡನೆಯ ದಾರಿ ಒಪ್ಪಿಗೆ, ಆದರೆ ಶುದ್ಧೀಕರಣ, ಅಂದರೆ ಲಾಭದಲ್ಲಿ ಬೆರೆತ ಬಡ್ಡಿಯ ಪಾಲನ್ನು ಹೊರಹಾಕುವುದು, ತಪ್ಪಿಸಬಾರದು. ವಾರ್ಷಿಕ ವರದಿಯಲ್ಲಿ ‘ಬಡ್ಡಿ ಆದಾಯ’ ಎಂಬ ಸಾಲು ಹುಡುಕಿ. ಅದು ಒಟ್ಟು ಆದಾಯದ ಶೇ. 2 ಇದ್ದರೆ, ಸರಳ ಲೆಕ್ಕದಲ್ಲಿ ನಿಮ್ಮ ಕೈಗೆ ಬಂದ 1,000 ಲಾಭಾಂಶದಲ್ಲಿ 20ನ್ನು ಪುಣ್ಯದ ಆಸೆಯಿಲ್ಲದೆ ಬಡವರಿಗೆ ಕೊಟ್ಟುಬಿಡಿ. ಅದನ್ನು ಝಕಾತಿನ (ಕಡ್ಡಾಯ ದಾನದ) ಲೆಕ್ಕಕ್ಕೆ ಸೇರಿಸುವಂತಿಲ್ಲ.

ಕರಪತ್ರದ ಮೇಲೆ ಮುಫ್ತಿಗಳ ಸಹಿಯಿದೆ, ನಾನ್ಯಾರು ಕೇಳಲು ಎಂಬ ಸಂಕೋಚ ನಿಮ್ಮ ಪತ್ರದಲ್ಲಿದೆ. ಚಲಾವಣೆಯಲ್ಲಿದ್ದ, ಬಾಂಡಿನಂಥ ಇಸ್ಲಾಮಿ ಹೂಡಿಕೆ ಪತ್ರಗಳಾದ ಸುಕೂಕ್‌ಗಳಲ್ಲಿ ಹೆಚ್ಚಿನವು ಅಸಲಿನ ಖಾತರಿ ಕೊಡುತ್ತಿರುವುದರಿಂದ ಶರೀಅತ್‌ಗೆ ಒಪ್ಪುವುದಿಲ್ಲವೆಂದು 2007ರಲ್ಲಿ ಹೇಳಿದವರು, ಆಯೋಫಿಯ ಶರೀಅತ್ ಮಂಡಳಿಯ ಅಧ್ಯಕ್ಷರಾಗಿದ್ದ ಮುಫ್ತಿ ತಖಿ ಉಸ್ಮಾನಿಯವರೇ. ಆ ಸುಕೂಕ್‌ಗಳಿಗೂ ಮುಫ್ತಿಗಳ ಸಹಿ ಇತ್ತು.

ಹಣ ಕಟ್ಟುವ ಮೊದಲು ಕರಪತ್ರದವರಿಗೆ ಎರಡೇ ಸಾಲು ಬರೆಯಿರಿ: ನಮ್ಮ ಹಣದಿಂದ ಏನು ಕೊಳ್ಳುತ್ತೀರಿ? ನಷ್ಟವಾದರೆ ಯಾರಿಗೆ? ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ.

– ಸಂ.