ಸಿ++ನಲ್ಲಿ ಬ್ರೌಸರ್ ಪ್ಲಗಿನ್ ಬರೆಯುತ್ತಿದ್ದವರು ವೆಬ್‌ಗೆ ಬರುವುದು ಹೇಗೆ?

ಒಂಬತ್ತು ವರ್ಷ ಸಿ++ನಲ್ಲಿ ಆಕ್ಟಿವ್‌ಎಕ್ಸ್ (ಇಂಟರ್ನೆಟ್ ಎಕ್ಸ್‌ಪ್ಲೋರರ್, ಅಂದರೆ ಐಇ ಬ್ರೌಸರ್‌ನ ಒಳಗೆ ಓಡುವ ಪ್ಲಗಿನ್) ಬರೆದಿದ್ದೀರಿ. ಈಗ ಪುಣೆಯ ನಿಮ್ಮ ಕಂಪನಿ ಎಲ್ಲವನ್ನೂ ವೆಬ್‌ಗೆ ತನ್ನಿ ಅನ್ನುತ್ತಿದೆ. ಕಲಿತದ್ದೆಲ್ಲ ನೀರುಪಾಲಾಯಿತಾ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನೀರುಪಾಲಾಗಿಲ್ಲ. ನಾನೂ ಇದೇ ಊರಿನಲ್ಲಿ ಇದೇ ದಾರಿ ನಡೆದು ಬಂದವನು.

ನಮ್ಮದು ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನ ಬೆಲ್ಲದ ದಲಾಲಿ ಅಂಗಡಿಗಳಿಗೆ ಬಿಲ್ ಮಾಡುವ ಸಾಫ್ಟ್‌ವೇರ್. ಐಇಗೆ ಆಕ್ಟಿವ್‌ಎಕ್ಸ್, ಉಳಿದ ಬ್ರೌಸರ್‌ಗಳಿಗೆ ಎನ್‌ಪಿಎಪಿಐ ಅನ್ನುವ ಹಳೆಯ ವಿಧಾನದ ಪ್ಲಗಿನ್ ಇತ್ತು. 2015ರ ಏಪ್ರಿಲ್‌ನಲ್ಲಿ ಕ್ರೋಮ್ 42 ಎನ್‌ಪಿಎಪಿಐಯನ್ನು ಆಫ್ ಮಾಡಿತು. ಸೆಪ್ಟೆಂಬರ್‌ನಲ್ಲಿ 45 ಬಂದಾಗ ಪೂರ್ತಿ ಕಿತ್ತೇ ಹಾಕಿತು. 2017ರಲ್ಲಿ ಫೈರ್‌ಫಾಕ್ಸ್ 52 ಫ್ಲ್ಯಾಶ್ ಒಂದನ್ನು ಬಿಟ್ಟು ಬಾಕಿ ಪ್ಲಗಿನ್ ನಿಲ್ಲಿಸಿತು. ನಾವು ಐಇಯನ್ನೇ ಹಿಡಿದು ಕೂತೆವು. ಆಗ ಸಿಟ್ಟು ಬಂದಿತ್ತು, ಆದರೆ ಬ್ರೌಸರ್ ಮಾಡುವವರದೇ ಸರಿ. ನಮ್ಮ ಡಿಎಲ್‌ಎಲ್‌ನಲ್ಲಿ (ಪ್ಲಗಿನ್‌ನ ಕೋಡ್ ಇರುವ ಫೈಲ್) ಮೆಮೊರಿಯ ಒಂದು ಬಫರ್ ತಪ್ಪಿದರೆ ಸಾಕು, ಅಂಗಡಿಯವರ ಇಡೀ ಕಂಪ್ಯೂಟರ್ ಬೇರೆಯವರ ಕೈಗೆ ಸಿಗುತ್ತಿತ್ತು. ನಿಮ್ಮದು ಈಗಲೂ ಎಡ್ಜ್ ಬ್ರೌಸರ್‌ನಲ್ಲಿ ಹಳೆಯ ಐಇ ಪುಟಗಳನ್ನು ಓಡಿಸುವ ಐಇ ಮೋಡ್‌ನಲ್ಲಿ ಓಡುತ್ತಿರಬೇಕು. ಅದು 2029ರ ತನಕವಾದರೂ ಇರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಅಷ್ಟರೊಳಗೆ ಕೆಲಸ ಮುಗಿಸಿಕೊಳ್ಳಿ.

ಮೊದಲು ಯಾವ ಫ್ರೇಮ್‌ವರ್ಕನ್ನೂ ಮುಟ್ಟಬೇಡಿ. ನಿಮ್ಮ ಪ್ಲಗಿನ್ ನಿಜವಾಗಿ ಏನೇನು ಮಾಡುತ್ತದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ನಮ್ಮದು ಮೂರೇ ಕೆಲಸ ಮಾಡುತ್ತಿತ್ತು: ಕಾಟಾದಿಂದ ತೂಕ ಓದುವುದು, ಚೀಟಿ ಪ್ರಿಂಟ್ ಮಾಡುವುದು, ಯುಎಸ್‌ಬಿ ಟೋಕನ್‌ನಿಂದ ಬಿಲ್ಲಿಗೆ ಡಿಜಿಟಲ್ ಸಹಿ ಹಾಕುವುದು. ಮೂರಕ್ಕೂ ಬೇರೆ ಬೇರೆ ದಾರಿ ಹಿಡಿಯಬೇಕಾಯಿತು.

ಪ್ರಿಂಟ್ ಸುಲಭ. ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲೇ ಚೀಟಿಯ ಅಳತೆ ಹೇಳಬಹುದು.

ತೂಕಕ್ಕೆ ವೆಬ್ ಸೀರಿಯಲ್ ಸಿಕ್ಕಿತು, ಅಂದರೆ ವೆಬ್ ಪುಟವೇ ಸೀರಿಯಲ್ ಪೋರ್ಟ್‌ನ ಸಾಧನದ ಜೊತೆ ಮಾತನಾಡುವ ಸೌಲಭ್ಯ. 2021ರಲ್ಲಿ ಕ್ರೋಮ್ 89ರ ಜೊತೆ ಬಂದದ್ದು. ಎಡ್ಜ್‌ನಲ್ಲೂ ಇದೆ, ಸಫಾರಿಯಲ್ಲಿ ಇಲ್ಲ. ನಾನು ನಿಜವಾಗಿ ಪಾಠ ಕಲಿತದ್ದು ಇಲ್ಲೇ. ಹಳೆಯ ಪ್ಲಗಿನ್‌ನಲ್ಲಿ ಸಾಲು ಪೂರ್ತಿ ಬರುವವರೆಗೆ ನಮ್ಮ ಕೋಡ್ ಅಲ್ಲೇ ಕಾಯುತ್ತಾ ನಿಲ್ಲುತ್ತಿತ್ತು. ಹೊಸದರಲ್ಲೂ ಹಾಗೇ ಅಂದುಕೊಂಡು, ಬಂದದ್ದನ್ನು ಬಂದ ಹಾಗೆ ಸಂಖ್ಯೆ ಮಾಡಿದೆ. ಒಂದು ಬೆಳಿಗ್ಗೆ ಅಥಣಿ ಕಡೆಯ ಗುಮಾಸ್ತರೊಬ್ಬರು ಫೋನ್ ಮಾಡಿದರು: "ಸರ್, ಕಾಟಾದಾಗ ಇಪ್ಪತ್ತೊಂಬತ್ತೂವರಿ ಮ್ಯಾಲ ಐತಿ, ನಿಮ್ಮ ಪರದೆ ಮ್ಯಾಲ ಬರೇ ಇಪ್ಪತ್ತೊಂಬತ್ತು ತೋರಸ್ತದ." ಓಡಿಹೋಗಿ ಅವರ ಪಕ್ಕದಲ್ಲೇ ಕೂತು ನೋಡಿದೆ. ಕಾಟಾ ಕಳಿಸಿದ್ದು 29.650. ಬ್ರೌಸರ್‌ಗೆ ಮೊದಲು ಬಂದದ್ದು "29." ಮಾತ್ರ, "650" ಬಂದದ್ದು ಮುಂದಿನ ಸಲ ಓದಿದಾಗ. ಸೀರಿಯಲ್ ಸ್ಟ್ರೀಮ್ ಎಲ್ಲಿ ಬೇಕಾದರೂ ತುಂಡಾಗಬಹುದು. ಸಾಲು ಮುಗಿದ ಗುರುತು ಬರುವ ತನಕ ಕೂಡಿಸಿಟ್ಟುಕೊಳ್ಳಬೇಕಿತ್ತು, ನಾನು ಇಟ್ಟುಕೊಂಡಿರಲಿಲ್ಲ. ಬೆಲ್ಲದ ಒಂದು ಪೆಂಟೆಗೆ 650 ಗ್ರಾಂ ಅಂದರೆ ರೈತನಿಗೆ ಸಣ್ಣ ನಷ್ಟವಲ್ಲ. ಆ ದಿನದ ಚೀಟಿಗಳನ್ನೆಲ್ಲ ಕೂತು ತಿದ್ದಿದೆವು.

ಅನುಮತಿ ವಿಷಯವೂ ಹಾಗೆಯೇ. ಮೊದಲ ಸಲ ಪುಟ ತೆರೆದ ಕೂಡಲೇ ಪೋರ್ಟ್ ಹಿಡಿಯಲು ಆಗುವುದಿಲ್ಲ. ಬಳಕೆದಾರ ಬಟನ್ ಒತ್ತಬೇಕು, ಪಟ್ಟಿಯಲ್ಲಿ ಕಾಟಾ ಆರಿಸಬೇಕು. ಪುಟ ಎಚ್‌ಟಿಟಿಪಿಎಸ್‌ನಲ್ಲಿ ಇರಬೇಕು. ಅದಕ್ಕೇ ಮೊದಲು ಪ್ರಾಮಿಸ್, ಅಸಿಂಕ್, ಈವೆಂಟ್ ಲೂಪ್ ಕಲಿಯಿರಿ, ಅಂದರೆ ಕಾಯುತ್ತಾ ನಿಲ್ಲದೆ ಉತ್ತರ ಬಂದಾಗ ಮುಂದುವರಿಯುವ ಕೋಡ್ ಬರೆಯುವ ರೀತಿ. ಕಾಯುತ್ತಾ ನಿಲ್ಲುವ ಕೋಡ್ ಬರೆದು ರೂಢಿಯಾದವರಿಗೆ ಜಾಸ್ತಿ ಕಷ್ಟ ಕೊಡುವುದು ಇದೇ, ಆದ್ದರಿಂದ ಒಂದು ತಿಂಗಳು ಇದಕ್ಕೇ ಇಡಿ.

ಸಹಿ ಟೋಕನ್‌ಗೆ ವೆಬ್‌ಯುಎಸ್‌ಬಿ (ಪುಟದಿಂದ ಯುಎಸ್‌ಬಿ ಸಾಧನ ಮುಟ್ಟುವ ಸೌಲಭ್ಯ) ಸಾಕು ಅಂದುಕೊಂಡು ನಾನು ಸುಮ್ನೆ ವಾರಗಟ್ಟಲೆ ಕಳೆದೆ. ನೀವು ಕಳೆಯಬೇಡಿ. ಈ ಟೋಕನ್ ಸೇರುವ ಸ್ಮಾರ್ಟ್‌ಕಾರ್ಡ್ ವರ್ಗದ ಸಾಧನಗಳನ್ನು ವೆಬ್‌ಯುಎಸ್‌ಬಿ ಬೇಕೆಂದೇ ಮುಟ್ಟಗೊಡುವುದಿಲ್ಲ. ಇದಕ್ಕೆ ಬ್ರೌಸರ್‌ಗೆ ಸೇರಿಸುವ ಒಂದು ಎಕ್ಸ್‌ಟೆನ್ಶನ್, ಅದರ ಹಿಂದೆ ಕಂಪ್ಯೂಟರ್‌ನಲ್ಲೇ ಓಡುತ್ತಾ ಅದರ ಜೊತೆ ನೇಟಿವ್ ಮೆಸೇಜಿಂಗ್ ಅನ್ನುವ ವಿಧಾನದಲ್ಲಿ ಮಾತನಾಡುವ ಒಂದು ಚಿಕ್ಕ ಪ್ರೋಗ್ರಾಂ ಬೇಕು. ಮೊದಲು 4 ಬೈಟ್‌ಗಳಲ್ಲಿ ಸಂದೇಶದ ಉದ್ದ, ಆಮೇಲೆ ಜೇಸನ್ ರೂಪದ ಪಠ್ಯದಲ್ಲಿ ಸಂದೇಶ, ಅಷ್ಟೇ. ಆ ಪ್ರೋಗ್ರಾಂ ಅನ್ನು ಸಿ++ನಲ್ಲೇ ಬರೆದೆ. ಹಳೆಯ ಸಹಿ ಕೋಡ್ ಹೆಚ್ಚುಕಮ್ಮಿ ಹಾಗೇ ಕೂತಿತು.

ಲೆಕ್ಕ ಹಾಕುವ ಕೋಡ್ ಇದ್ದರೆ ಅದನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಮತ್ತೆ ಬರೆಯಬೇಡಿ. ಎಮ್‌ಸ್ಕ್ರಿಪ್ಟನ್ ಅನ್ನುವ ಕಂಪೈಲರ್‌ನಿಂದ ವೆಬ್‌ಅಸೆಂಬ್ಲಿಗೆ (ಬ್ರೌಸರ್ ನೇರವಾಗಿ ಓಡಿಸಬಲ್ಲ ಕೋಡ್ ರೂಪ) ಕಂಪೈಲ್ ಮಾಡಿ, ಪುಟವನ್ನು ತಡೆಯದೆ ಹಿನ್ನೆಲೆಯಲ್ಲಿ ಓಡುವ ವರ್ಕರ್ ಒಳಗೆ ಓಡಿಸಿ. ಒಂದೇ ಎಚ್ಚರ: ವೆಬ್‌ಅಸೆಂಬ್ಲಿಯ ಮೆಮೊರಿ ಬೆಳೆದಾಗ ಜಾವಾಸ್ಕ್ರಿಪ್ಟ್ ಕಡೆ ಹಿಡಿದಿಟ್ಟಿದ್ದ ಹಳೆಯ ಅರೇಗಳ ಉದ್ದ ಸೊನ್ನೆಯಾಗುತ್ತದೆ. ಪ್ರತಿ ಸಲ ಹೊಸದಾಗಿ ತೆಗೆದುಕೊಳ್ಳಿ. ಪಾಯಿಂಟರ್ ಬಲ್ಲವರಿಗೆ ಇದು ತಕ್ಷಣ ಹೊಳೆಯುತ್ತದೆ, ಅಲ್ವಾ? ಬರೇ ವೆಬ್‌ನಿಂದ ಬಂದ ನನ್ನ ಸಹೋದ್ಯೋಗಿ ಎರಡು ದಿನ ಹುಡುಕುತ್ತಿದ್ದ.

ನಿಮ್ಮ ಪ್ಲಗಿನ್ ಯಾವ ಸಾಧನದ ಜೊತೆ ಮಾತನಾಡುತ್ತದೆ ಅಂತ ನೀವು ಬರೆದಿಲ್ಲ. ತಿಳಿಸಿದರೆ ಅದಕ್ಕೆ ಯಾವ ದಾರಿ ಸರಿ ಅಂತ ಹೇಳುತ್ತೇನೆ.