ಸ್ಪುಟ್ನಿಕ್‌ಗೆ ಕಾಯಬೇಡಿ, ಅಮ್ಮನಿಗೆ ಈ ವಾರವೇ ಲಸಿಕೆ ಹಾಕಿಸಿ

(2021ರ ಏಪ್ರಿಲ್‌ನಲ್ಲಿ, ಕೋವಿಡ್ ಎರಡನೇ ಅಲೆಯ ಹೊತ್ತಿನಲ್ಲಿ ಬರೆದ ಉತ್ತರ ಇದು.) ಅಮ್ಮನಿಗೆ 62 ವರ್ಷ, ಶುಗರ್ ಇದೆ, ರಷ್ಯಾದ ಕೋವಿಡ್ ಲಸಿಕೆ ಸ್ಪುಟ್ನಿಕ್ ಬಂದ ಮೇಲೆ ಅದನ್ನೇ ಹಾಕಿಸೋಣ ಅಂತ ನಿಮ್ಮ ಅಣ್ಣ ಹೇಳುತ್ತಿದ್ದಾರೆ ಅಂತ ಬರೆದಿದ್ದೀರಿ. ದಯವಿಟ್ಟು ಕಾಯಬೇಡಿ, ಈಗ ಸಿಗುವ ಲಸಿಕೆಯನ್ನೇ ಹಾಕಿಸಿ. ಸ್ಪುಟ್ನಿಕ್‌ಗೆ ಈ ಏಪ್ರಿಲ್‌ನಲ್ಲಿ ಅನುಮತಿ ಸಿಕ್ಕಿದೆ ಅಷ್ಟೇ, ಮೈನಸ್ 18 ಡಿಗ್ರಿಯಲ್ಲಿ ಇಡಬೇಕಾದ ಲಸಿಕೆ ಅದು, ನಿಮ್ಮೂರಿಗೆ ಯಾವಾಗ ಬರುತ್ತದೋ ಯಾರಿಗೆ ಗೊತ್ತು? ಬೆಂಗಳೂರಿನ ಆಸ್ಪತ್ರೆಗಳಲ್ಲಿ ಬೆಡ್ ಸಿಗದೆ ಜನ ಒದ್ದಾಡುತ್ತಿರುವಾಗ ಬ್ರ್ಯಾಂಡ್ ನೋಡುತ್ತಾ ಕೂರುವ ಹೊತ್ತಲ್ಲ ಇದು.

ಇನ್ನೊಂದು ವಿಷಯ. ಚುಚ್ಚಿಸಿಕೊಂಡ ದಿನವೇ ರಕ್ಷಣೆ ಬರುವುದಿಲ್ಲ, ಮೊದಲ ಡೋಸ್ ಕೆಲಸ ಶುರು ಮಾಡೋಕೇ ಎರಡು ಮೂರು ವಾರ ಬೇಕು, ಎರಡನೆಯದು ಆದ ಮೇಲೇ ಪೂರ್ತಿ ಬಲ. ಇವತ್ತು ಹಾಕಿಸಿದರೂ ಮಾಸ್ಕ್ ಬಿಡುವಂತಿಲ್ಲ. ಮೇ 1ರಿಂದ 18 ದಾಟಿದ ಎಲ್ಲರಿಗೂ ಕೊಡುತ್ತಾರೆ, ಆಮೇಲೆ ಸಾಲು ಎಷ್ಟು ಉದ್ದ ಆಗುತ್ತದೆ ಯೋಚಿಸಿ!

ಹತ್ತಿರದ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಫೋನ್ ಮಾಡಿ ಸ್ಟಾಕ್ ಇದೆಯಾ ಕೇಳಿ, ಆಧಾರ್ ಹಿಡಿದು ಬೆಳಿಗ್ಗೆಯೇ ಹೋಗಿ. ಅಲ್ಲಿ ಉಚಿತ. ಶುಗರ್ ಇರುವವರು ಖಾಲಿ ಹೊಟ್ಟೆಯಲ್ಲಿ ಸಾಲಲ್ಲಿ ನಿಲ್ಲಬಾರದು, ತಿಂಡಿ ತಿನ್ನಿಸಿ, ಮಾತ್ರೆಯನ್ನೂ ಎಂದಿನಂತೆ ಕೊಡಿ, ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ. ರಾತ್ರಿ ಚಳಿ, ಜ್ವರ, ತೋಳುನೋವು ಬಂದರೆ ಗಾಬರಿ ಬೇಡ, ಪ್ಯಾರಾಸಿಟಮಾಲ್ ಸಾಕು. ಆದರೆ ಈಗಲೇ ಜ್ವರ ಕೆಮ್ಮು ಇದ್ದರೆ ಮೊದಲು ಟೆಸ್ಟ್ ಮಾಡಿಸಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಅಥವಾ ಹಿಂದೆ ಯಾವುದಾದರೂ ಇಂಜೆಕ್ಷನ್‌ಗೆ ಜೋರಾಗಿ ಅಲರ್ಜಿ ಆಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಅಣ್ಣನಿಗೂ 45 ದಾಟಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.