ಮನೆಯಲ್ಲೇ ಮಾಡಿದ ಇನ್‌ಕ್ಯುಬೇಟರಿನಲ್ಲಿ ಬಿಸಿ ಒಂದೇ ಸಮ ನಿಲ್ಲುತ್ತಿಲ್ಲ, ಏನು ಮಾಡಲಿ?

ಥರ್ಮೋಕೋಲ್ ಪೆಟ್ಟಿಗೆ, 100 ವ್ಯಾಟಿನ ಒಂದು ಬಲ್ಬು, ಬಿಸಿ ನೋಡಿ ಬಲ್ಬು ಹತ್ತಿಸಿ ಆರಿಸುವ ಡಬ್ಲ್ಯೂ1209 ಬೋರ್ಡು. ಬಿಸಿ 35 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯುತ್ತದೆ, 40ಕ್ಕೆ ಏರುತ್ತದೆ, ತತ್ತಿ ಇಡಬಹುದಾ ಅಂತ ಕೇಳಿದ್ದೀರಿ. ಈಗಲೇ ಇಡಬೇಡಿ. ನಾನು ಅಣ್ಣಿಗೇರಿ ಹತ್ತಿರದವನು, ಜವಾರಿ ಕೋಳಿ ಸಾಕಿದ್ದೇನೆ. ಮೊದಲ ಸಲ ಆತುರಕ್ಕೆ ಬಿದ್ದು 24 ತತ್ತಿ ಇಟ್ಟೆ, ಬಂದದ್ದು 5 ಮರಿ. 21 ದಿನಕ್ಕೆ ಒಡೆಯಬೇಕಾದವು 23ಕ್ಕೆ ಒಡೆದವು, ಎರಡು ಮರಿಗಳಿಗೆ ಕಾಲೂರಲೂ ಆಗಲಿಲ್ಲ. ಅದನ್ನು ನೋಡಿ ಬಹಳ ಸಂಕಟವಾಯಿತು.

ತಪ್ಪು ಇದ್ದದ್ದು ಸೆನ್ಸರ್ ಇಟ್ಟ ಜಾಗದಲ್ಲಿ. ಬಲ್ಬಿನ ಎದುರಿಗೇ ಕಟ್ಟಿದ್ದೆ. ಬಲ್ಬು ಹತ್ತಿದ ಕೂಡಲೇ ಸೆನ್ಸರಿಗೆ ಬಿಸಿ ತಾಗುತ್ತಿತ್ತು, ಬೋರ್ಡು ಬಲ್ಬು ಆರಿಸಿಬಿಡುತ್ತಿತ್ತು, ಆದರೆ ಮೂಲೆಯ ತತ್ತಿಗೆ ಕಾವೇ ಮುಟ್ಟುತ್ತಿರಲಿಲ್ಲ. ಬೋರ್ಡಿನಲ್ಲಿ 37.5, ತತ್ತಿ ಪಕ್ಕ ಥರ್ಮಾಮೀಟರ್ ಇಟ್ಟರೆ 35.8! ಸೆನ್ಸರ್ ತತ್ತಿಯ ಎತ್ತರಕ್ಕೇ ಇರಲಿ, ಬಲ್ಬಿನ ನೇರ ಬೆಳಕು ಬೀಳದ ಕಡೆ. ಬೋರ್ಡನ್ನು ಸುಮ್ನೆ ನಂಬಬೇಡಿ. ಲೋಟದಲ್ಲಿ ಉಗುರುಬೆಚ್ಚಗಿನ ನೀರು ತಗೊಂಡು ಸೆನ್ಸರ್ ತುದಿ, ಜ್ವರ ನೋಡುವ ಥರ್ಮಾಮೀಟರ್ ಎರಡನ್ನೂ ಒಟ್ಟಿಗೆ ಅದ್ದಿ ತಾಳೆ ನೋಡಿ. ವ್ಯತ್ಯಾಸ ಬಂದರೆ ಬೋರ್ಡಿನ ಪಿ4 ಅನ್ನುವ ಸೆಟ್ಟಿಂಗಿನಲ್ಲಿ ಸರಿ ಮಾಡಬಹುದು.

ಇನ್ನು ನಿಮ್ಮ ಏರಿಳಿತ. ಪಿ0 ಸೆಟ್ಟಿಂಗ್ ಎಚ್, ಅಂದರೆ ಬಿಸಿ ಮಾಡುವ ಕಡೆಗೆ ಇರಬೇಕು. ಎಷ್ಟು ಡಿಗ್ರಿ ಇಳಿದ ಮೇಲೆ ಬಲ್ಬು ಮತ್ತೆ ಹತ್ತಬೇಕು ಅನ್ನುವುದು ಪಿ1. ಅಂಗಡಿಯಿಂದ ಬಂದ ಹಾಗೇ ಬಿಟ್ಟರೆ ಅದು 2 ಇರುತ್ತದೆ, ಅಂದರೆ 37.5ಕ್ಕೆ ಸೆಟ್ ಮಾಡಿದ್ದರೂ 35.5ಕ್ಕೆ ಇಳಿದ ಮೇಲೇ ಬಲ್ಬು ಹತ್ತುತ್ತದೆ. ಅದನ್ನು 0.3 ಮಾಡಿ. 100 ವ್ಯಾಟಿನ ಬಲ್ಬು ತೆಗೆದು 40 ವ್ಯಾಟಿನ ಎರಡು ಹಾಕಿ. ದೊಡ್ಡ ಬಲ್ಬು ಆರಿದ ಮೇಲೂ ಅದರ ಬಿಸಿಗೆ ಪೆಟ್ಟಿಗೆ ಸ್ವಲ್ಪ ಹೊತ್ತು ಕಾಯುತ್ತಲೇ ಇರುತ್ತದೆ. ಎರಡಿದ್ದರೆ ರಾತ್ರಿ ಒಂದು ಸುಟ್ಟರೂ ಇನ್ನೊಂದು ಕಾಯುತ್ತದೆ, ಅಲ್ವಾ? ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಸಿಕ್ಕರೆ ಗಾಳಿ ತಿರುಗುವ ಹಾಗೆ ಕೂರಿಸಿ. ಫ್ಯಾನ್ ಇದ್ದರೆ 37.5 ಸಾಕು, ಇಲ್ಲದಿದ್ದರೆ ತತ್ತಿಯ ನೆತ್ತಿಯ ಹತ್ತಿರ 38.5 ಬೇಕು.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ನೀರಿನ ಬಾಟಲಿ. ಒಂದೊಂದು ಲೀಟರಿನ ಎರಡು ಬಾಟಲಿ ತುಂಬಿ ಒಳಗೆ ಇಟ್ಟೆ, ಮುಚ್ಚಳ ಬಿಗಿಯಾಗಿ. ಅವು ನಿಧಾನಕ್ಕೆ ಕಾಯುತ್ತವೆ, ನಿಧಾನಕ್ಕೆ ಆರುತ್ತವೆ, ಕರೆಂಟ್ ಹೋದರೂ ಪೆಟ್ಟಿಗೆ ತಟ್ಟನೆ ತಣ್ಣಗಾಗುವುದಿಲ್ಲ. ಕರೆಂಟ್ ಹೋದಾಗ ಬಾಗಿಲು ತೆಗೆದು ನೋಡಬೇಡಿ. ಮೇಲೊಂದು ಕೌದಿ ಹೊದಿಸಿ, ಗಾಳಿ ತೂತು ಮಾತ್ರ ಬಿಡಿ. ಸ್ವಲ್ಪ ಹೊತ್ತು ತಣ್ಣಗಾದರೆ ತತ್ತಿ ತಡೆದುಕೊಳ್ಳುತ್ತದೆ, 40 ದಾಟಿದರೆ ತಡೆಯುವುದಿಲ್ಲ. ಅದಕ್ಕೇ ಬೇಸಿಗೆಯಲ್ಲಿ ಹೆಚ್ಚು ಎಚ್ಚರ ಬೇಕು. ಗದಗ ಕಡೆ ಏಪ್ರಿಲ್ ಮಧ್ಯಾಹ್ನ ಹೊರಗೇ 38ರ ಹತ್ತಿರ ಹೋಗುತ್ತದೆ, ಆಗ ಬಲ್ಬು ಆರಿದ್ದರೂ ಒಳಗೆ ಇಳಿಯುವುದಿಲ್ಲ. ತಗಡಿನ ಶೆಡ್ಡಿನಲ್ಲಿ ಇಡಬೇಡಿ, ಒಳಕೋಣೆಯಲ್ಲಿ ನೆಲದ ಮೇಲೆ ಇಡಿ. ಕೊನೆಯ ವಾರ ಮರಿಗಳ ಮೈಬಿಸಿಯೂ ಸೇರುತ್ತದೆ, ಆಗ ದಿನಕ್ಕೆ ನಾಲ್ಕೈದು ಸಲ ನೋಡಿ.

ಇಷ್ಟು ಮಾಡಿ ಒಂದು ಹಗಲು, ಒಂದು ರಾತ್ರಿ ಖಾಲಿ ಪೆಟ್ಟಿಗೆ ಓಡಿಸಿ. ಫ್ಯಾನ್ ಇದ್ದರೆ 37.2ರಿಂದ 37.8ರ ಒಳಗೆ, ಇಲ್ಲದಿದ್ದರೆ 38.5ರ ಆಸುಪಾಸಿನಲ್ಲಿ ನಿಂತರೆ ತತ್ತಿ ಇಡಿ. ಇಟ್ಟ ಕೂಡಲೇ ಬಿಸಿ ಕುಸಿಯುತ್ತದೆ, ಹೆದರಿ ಸೆಟ್ಟಿಂಗ್ ಏರಿಸಬೇಡಿ. ತತ್ತಿ ಕಾಯಲು ಕೆಲವು ತಾಸು ಬೇಕು, ಆಮೇಲೆ ತಾನೇ ಮೇಲೆ ಬರುತ್ತದೆ.